‘ನಮ್ಮವರ ಬ್ಯಾಂಕು’ ಎಂಬ ನಂಬಿಕೆಯ ಬೆಲೆ

ಪುಣೆಯ ರೂಪೀ ಸಹಕಾರಿ ಬ್ಯಾಂಕು 1912ರಲ್ಲಿ ಸ್ಥಾಪನೆಯಾದುದು. ಶತಮಾನ ತುಂಬಿದ ಮರುವರ್ಷವೇ, ಅಂದರೆ 2013ರ ಫೆಬ್ರವರಿಯಲ್ಲಿ, ಭಾರತೀಯ ರಿಸರ್ವ್ ಬ್ಯಾಂಕು ಅದರ ವ್ಯವಹಾರದ ಮೇಲೆ ನಿರ್ಬಂಧ ವಿಧಿಸಿತು. 2022ರ ಆಗಸ್ಟ್‌ನಲ್ಲಿ ಅದರ ಪರವಾನಗಿಯನ್ನೇ ರದ್ದುಪಡಿಸಿತು. ಈ ಎರಡು ಆದೇಶಗಳ ನಡುವೆ ಒಂಬತ್ತೂವರೆ ವರ್ಷಗಳು ಸಂದವು. ಅಷ್ಟು ಕಾಲದಲ್ಲಿ ಒಂದನೆಯ ತರಗತಿಯ ಮಗು ಹತ್ತನೆಯ ತರಗತಿಗೆ ಬರುತ್ತದೆ. ಅರುವತ್ತರ ನಿವೃತ್ತನು ಎಪ್ಪತ್ತನ್ನು ಸಮೀಪಿಸುತ್ತಾನೆ. ಮಗುವಿನ ಓದಿಗೆಂದು, ಮಗಳ ಮದುವೆಗೆಂದು, ಮುಪ್ಪಿನ ಔಷಧಿಗೆಂದು ಇಟ್ಟ ಹಣಕ್ಕೆ ಕಾಯುವ ಶಕ್ತಿ ಇರಬಹುದು. ಆ ಅಗತ್ಯಗಳಿಗೆ ಕಾಯುವ ಶಕ್ತಿ ಇರುವುದಿಲ್ಲ.

ಇದು ಒಂಟಿ ಪ್ರಕರಣವಲ್ಲ. ಪುಣೆಯದೇ ಆದ ಶಿವಾಜಿರಾವ್ ಭೋಸಲೆ ಸಹಕಾರಿ ಬ್ಯಾಂಕಿನ ಪರವಾನಗಿ 2021ರ ಮೇ ತಿಂಗಳ ಕೊನೆಗೆ ರದ್ದಾಯಿತು. ಪಿಂಪ್ರಿಯ ಸೇವಾ ವಿಕಾಸ ಸಹಕಾರಿ ಬ್ಯಾಂಕಿನದು 2022ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಹದಿನೇಳು ತಿಂಗಳೊಳಗೆ ಒಂದೇ ಮಹಾನಗರದಲ್ಲಿ ಮೂರು ಬ್ಯಾಂಕುಗಳು ಮುಚ್ಚಿದವು. ಬೆಳಗಾವಿ, ಚಿಕ್ಕೋಡಿ, ಅಥಣಿ, ರಾಯಬಾಗಗಳಿಂದಲೂ ಸಾಂಗಲಿ, ಕೊಲ್ಹಾಪುರಗಳ ಕಡೆಯಿಂದಲೂ ಹೊರಟು ಪುಣೆಯಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೆ ಈ ಸುದ್ದಿ ದೂರದ್ದಲ್ಲ. ಪುಣೆಯಲ್ಲಿಲ್ಲದ ಕುಟುಂಬಗಳಿಗೂ ಅದು ದೂರದ್ದಲ್ಲ. ಏಕೆಂದರೆ ಇಂತಹ ಸಂಸ್ಥೆಗಳು ಪ್ರತಿಯೊಂದು ಊರಿನಲ್ಲೂ ಇವೆ, ಮತ್ತು ಅವುಗಳಲ್ಲಿ ಹಣವಿಡುವ ಕಾರಣವೂ ಎಲ್ಲೆಡೆ ಒಂದೇ: ಅಧ್ಯಕ್ಷರು ಪರಿಚಿತರು, ನಿರ್ದೇಶಕರು ಸಮಾಜದವರು, ಬಡ್ಡಿ ಅರ್ಧ ಶೇಕಡಾ ಹೆಚ್ಚು.

ಶೇಕಡಾ 99ರ ಸಮಾಧಾನ

ಪರವಾನಗಿ ರದ್ದಾದಾಗಲೆಲ್ಲ ರಿಸರ್ವ್ ಬ್ಯಾಂಕಿನ ಪ್ರಕಟಣೆಯಲ್ಲಿ ಒಂದು ಸಮಾಧಾನದ ಸಾಲು ಇರುತ್ತದೆ. ರೂಪೀ ಬ್ಯಾಂಕಿನ ಠೇವಣಿದಾರರಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಜನರಿಗೆ ಠೇವಣಿ ವಿಮೆಯಿಂದ ಪೂರ್ಣ ಹಣ ದೊರೆಯುವುದೆಂದು ಹೇಳಲಾಯಿತು. ಭೋಸಲೆ ಬ್ಯಾಂಕಿನ ವಿಷಯದಲ್ಲಿ ಈ ಪ್ರಮಾಣ ಶೇಕಡಾ 98. ಈ ಮಾತು ಸುಳ್ಳಲ್ಲ. ಆದರೆ ಅದು ಎಣಿಸುವುದು ತಲೆಗಳನ್ನು, ರೂಪಾಯಿಗಳನ್ನಲ್ಲ.

ಎಂದೋ ತೆರೆದು ಮರೆತ, ಇನ್ನೂರು ರೂಪಾಯಿ ಉಳಿದಿರುವ ಉಳಿತಾಯ ಖಾತೆಯವನೂ ಆ 99ರಲ್ಲಿ ಒಬ್ಬ. ಕಾರ್ಖಾನೆಯಿಂದ ನಿವೃತ್ತನಾಗಿ ಭವಿಷ್ಯನಿಧಿ ಮತ್ತು ಗ್ರ್ಯಾಚ್ಯುಟಿ ಸೇರಿ ಬಂದ 12 ಲಕ್ಷವನ್ನು ಒಂದೇ ಬ್ಯಾಂಕಿನಲ್ಲಿಟ್ಟವನು ಉಳಿದ 1ರಲ್ಲಿ ಒಬ್ಬ. ಮೊದಲನೆಯವನಿಗೆ ಪೂರ್ಣ ಹಣ ದೊರೆಯಿತು. ಎರಡನೆಯವನಿಗೆ 5 ಲಕ್ಷ ದೊರೆತು, 7 ಲಕ್ಷ ಸಮಾಪನಾಧಿಕಾರಿಯ ಸರದಿಯಲ್ಲಿ ನಿಂತಿತು. ನೂರು ಮನೆಗಳ ದುರಸ್ತಿನಿಧಿಯನ್ನು ಠೇವಣಿಯಿಟ್ಟ ಒಂದು ಗೃಹನಿರ್ಮಾಣ ಸಹಕಾರ ಸಂಘವೂ ಲೆಕ್ಕಕ್ಕೆ ಒಬ್ಬನೇ ಠೇವಣಿದಾರ. ಒಂದು ಬಸದಿಯ ಟ್ರಸ್ಟೂ ಒಬ್ಬನೇ ಠೇವಣಿದಾರ. ನೂರು ಕುಟುಂಬಗಳು ಒಂದು ತಲೆಯಾಗಿ ಎಣಿಕೆಯಾದಾಗ ಶೇಕಡಾ 99 ಎಂಬ ಅಂಕಿ ನಷ್ಟವನ್ನು ಬೆಳಗುವುದಕ್ಕಿಂತ ಮರೆಮಾಡುವುದೇ ಹೆಚ್ಚು. ಬ್ಯಾಂಕೊಂದು ಮುಚ್ಚಿದಾಗ ವಿಮೆಯ ಹೊರಗುಳಿದ ಹಣವೆಷ್ಟು, ಅದರಲ್ಲಿ ಹಿರಿಯ ನಾಗರಿಕರ ಪಾಲೆಷ್ಟು, ಸಂಘಸಂಸ್ಥೆಗಳ ಪಾಲೆಷ್ಟು ಎಂಬುದನ್ನು ಅದೇ ಪ್ರಕಟಣೆಯಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ. ಬ್ಯಾಂಕಿನ ಗಣಕದಲ್ಲಿ ಆ ಮಾಹಿತಿ ಇದ್ದೇ ಇದೆ.

ವಿಮೆಯ ಮಿತಿಯ ಇತಿಹಾಸವೂ ಗಮನಾರ್ಹವಾದುದು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮತ್ತು ಲಕ್ಷ್ಮೀ ಬ್ಯಾಂಕು ಕುಸಿದುಬಿದ್ದ ಬಳಿಕ ಸಂಸತ್ತು 1961ರಲ್ಲಿ ಠೇವಣಿ ವಿಮಾ ಕಾಯಿದೆಯನ್ನು ಮಾಡಿತು. 1962ರ ಜನವರಿ 1ರಿಂದ ನಿಗಮವು ಕೆಲಸ ಆರಂಭಿಸಿತು. ಆಗಿನ ಮಿತಿ 1,500 ರೂಪಾಯಿ. ಸಹಕಾರಿ ಬ್ಯಾಂಕುಗಳು ಈ ರಕ್ಷಣೆಯೊಳಗೆ ಬಂದುದು ಸುಮಾರು ಒಂದು ದಶಕದ ನಂತರ. 1980ರಲ್ಲಿ ಮಿತಿ 30,000ಕ್ಕೆ, 1993ರಲ್ಲಿ 1 ಲಕ್ಷಕ್ಕೆ ಏರಿತು. ಅನಂತರ ಇಪ್ಪತ್ತಾರು ವರ್ಷಗಳಿಗೂ ಮಿಕ್ಕಿ ಅದು ಅಲ್ಲಿಯೇ ನಿಂತಿತು. 2020ರ ಫೆಬ್ರವರಿ 4ರಿಂದ ಅದು 5 ಲಕ್ಷವಾಯಿತು. ಸರ್ಕಾರ ಇದನ್ನು ಐದು ಪಟ್ಟು ಏರಿಕೆಯೆಂದು ಹೇಳಿಕೊಂಡಿತು. ಆದರೆ 1993ರಿಂದ 2020ರವರೆಗೆ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವೂ ಐದು ಪಟ್ಟಿಗಿಂತ ಹೆಚ್ಚು ಏರಿದೆ. ಎಂದ ಮೇಲೆ 2020ರಲ್ಲಿ ಕುಟುಂಬಗಳಿಗೆ ದೊರೆತುದು ಹೊಸ ರಕ್ಷಣೆಯಲ್ಲ. 1993ರಲ್ಲಿದ್ದ ರಕ್ಷಣೆಯಷ್ಟೇ ಮರಳಿ ದೊರೆತಿದೆ, ಅದೂ ಪೂರ್ತಿಯಾಗಿ ಅಲ್ಲ. ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕವನ್ನು ಅನುಸರಿಸಿ ಏರುತ್ತದೆ. ಠೇವಣಿ ವಿಮೆಯ ಮಿತಿಯೊಂದೇ ಯಾವುದಾದರೂ ಬ್ಯಾಂಕು ಮುಳುಗುವವರೆಗೆ ಕಾಯಬೇಕೇಕೆ?

ಕಪಾಟಿನಲ್ಲಿ ಉಳಿದ ವರದಿಗಳು

ತಿಳಿಯದೆ ವಿಳಂಬವಾಯಿತೆಂದು ಯಾರೂ ಹೇಳಲಾರರು. ನಗರ ಸಹಕಾರಿ ಬ್ಯಾಂಕುಗಳ ಮೇಲೆ ರಾಜ್ಯದ ಸಹಕಾರ ಇಲಾಖೆ ಮತ್ತು ರಿಸರ್ವ್ ಬ್ಯಾಂಕು ಎಂಬ ಇಬ್ಬರು ಒಡೆಯರಿರುವುದೇ ರೋಗದ ಮೂಲವೆಂದು ಮಾಧವ ರಾವ್ ಸಮಿತಿ 1999ರಲ್ಲಿಯೇ ಗುರುತಿಸಿತ್ತು. 2001ರಲ್ಲಿ ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಸಹಕಾರಿ ಬ್ಯಾಂಕು ಕುಸಿದು ಆ ಮಾತನ್ನು ದೃಢಪಡಿಸಿತು. ರಿಸರ್ವ್ ಬ್ಯಾಂಕಿಗೆ ಸಾಕಷ್ಟು ಅಧಿಕಾರ ಕೊಡುವ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾದುದು 2020ರಲ್ಲಿ. ಠೇವಣಿ ವಿಮೆಯನ್ನು 5 ಲಕ್ಷಕ್ಕೆ ಏರಿಸಬೇಕೆಂದು ದಾಮೋದರನ್ ಸಮಿತಿ 2011ರಲ್ಲಿ ಶಿಫಾರಸು ಮಾಡಿತ್ತು. ಅದು ಜಾರಿಗೆ ಬಂದುದೂ 2020ರಲ್ಲಿ. ಒಂದಕ್ಕೆ ಇಪ್ಪತ್ತೊಂದು ವರ್ಷ, ಇನ್ನೊಂದಕ್ಕೆ ಒಂಬತ್ತು ವರ್ಷ.

ನಡುವೆ ನಡೆದುದೇನು? 2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಬಾಗಿಲಲ್ಲಿ ಠೇವಣಿದಾರರು ಕಣ್ಣೀರಿಟ್ಟರು. ಅವರಿಗೆ ಮೊದಲು ತೆಗೆಯಲು ಅವಕಾಶವಿದ್ದುದು 1,000 ರೂಪಾಯಿ ಮಾತ್ರ. ಆ ಕಣ್ಣೀರು ದೂರದರ್ಶನದ ಪರದೆಯ ಮೇಲೆ ಕಂಡ ಬಳಿಕವೇ ಒಂಬತ್ತು ವರ್ಷದ ಹಿಂದಿನ ಶಿಫಾರಸಿಗೆ ಕಾಲು ಬಂದಿತು. ಪರವಾನಗಿ ರದ್ದಾಗುವವರೆಗೆ ಕಾಯದೆ, ನಿರ್ಬಂಧ ವಿಧಿಸಿದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂದಿತು. ರೂಪೀ ಬ್ಯಾಂಕಿನ ಠೇವಣಿದಾರರು ಅಷ್ಟರಲ್ಲಿ ಎಂಟು ವರ್ಷ ಕಾದಿದ್ದರು. ಆ ತಿದ್ದುಪಡಿ ಒಳ್ಳೆಯದು. ಅದನ್ನು ತಂದವರಿಗೆ ಶ್ಲಾಘನೆ ಸಲ್ಲಬೇಕು. ಆದರೆ ಅದು 2013ಕ್ಕಿಂತ ಮೊದಲೇ ಬಂದಿದ್ದರೆ ಪುಣೆಯಲ್ಲಿ ಎಷ್ಟು ಮನೆಗಳು ಸಾಲದ ಬಾಗಿಲು ತಟ್ಟುವುದು ತಪ್ಪುತ್ತಿತ್ತು ಎಂಬ ಪ್ರಶ್ನೆಗೆ ಆಡಳಿತ ಪಕ್ಷವಾಗಲಿ ಪ್ರತಿಪಕ್ಷವಾಗಲಿ ಉತ್ತರ ಕೊಟ್ಟಿಲ್ಲ. ಈ ಇಪ್ಪತ್ತೊಂದು ವರ್ಷಗಳಲ್ಲಿ ಎರಡೂ ಪಾಳೆಯಗಳು ದೆಹಲಿಯಲ್ಲಿ ಅಧಿಕಾರ ನಡೆಸಿವೆ. ಸಹಕಾರಿ ಬ್ಯಾಂಕುಗಳ ಆಡಳಿತ ಮಂಡಳಿಗಳಲ್ಲಿ ಎರಡೂ ಪಾಳೆಯಗಳ ಜನರಿದ್ದಾರೆ. ವಿಳಂಬಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ವಿಷಾದದ ಸಂಗತಿಯೆಂದರೆ, ಸಂಶೋಧನೆಯಿಂದ ಕುಟುಂಬಗಳ ಬದುಕು ಹಸನಾಗಬಲ್ಲುದೆಂದು ದೇಶಕ್ಕೆ ತೋರಿಸಿಕೊಟ್ಟ ನಗರವೇ ಪುಣೆ. ಗೋಪಾಲಕೃಷ್ಣ ಗೋಖಲೆಯವರು 1902ರ ಆಯವ್ಯಯದ ಚರ್ಚೆಯಲ್ಲಿ ಉಪ್ಪಿನ ತೆರಿಗೆಯನ್ನು ಖಂಡಿಸಿದುದು ಭಾವಾವೇಶದಿಂದಲ್ಲ, ಅಂಕಿ ಅಂಶಗಳಿಂದ. ಮರುವರ್ಷ ಆ ತೆರಿಗೆ ಇಳಿಯಿತು. ಅವರ ಹೆಸರಿನಲ್ಲಿ 1930ರಲ್ಲಿ ಸ್ಥಾಪನೆಯಾದ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕ ಧನಂಜಯರಾವ್ ಗಾಡಗೀಳರು ಅದೇ ದಶಕದಲ್ಲಿ ಪುಣೆಯ ಮನೆಮನೆಯ ಆರ್ಥಿಕ ಸ್ಥಿತಿಯ ಸಮೀಕ್ಷೆ ನಡೆಸಿದರು. 1954ರಲ್ಲಿ ವರದಿ ಕೊಟ್ಟ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ನಿರ್ದೇಶನ ಸಮಿತಿಯಲ್ಲಿಯೂ ಅವರಿದ್ದರು. ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಕೇವಲ ಶೇಕಡಾ 3ರಷ್ಟೆಂದು ಆ ಸಮೀಕ್ಷೆ ಬಹಿರಂಗಪಡಿಸಿದಾಗ ಸಹಕಾರ ಚಳವಳಿಯ ಅಭಿಮಾನಿಗಳು ಕಹಿಯನ್ನು ನುಂಗಬೇಕಾಯಿತು. ಆದರೆ ಆ ಕಹಿಯಿಂದಲೇ ಮುಂದಿನ ನೀತಿ ರೂಪುಗೊಂಡಿತು. ಅದೇ ಸಂಸ್ಥೆಯ ದಾಂಡೇಕರ್ ಮತ್ತು ನೀಲಕಂಠ ರಥ್ ಅವರು 1971ರಲ್ಲಿ ಬಡತನದ ಅಳತೆಯನ್ನು ದೇಶದ ಮುಂದಿಟ್ಟರು. ಬೆಳೆ ವಿಮೆಯನ್ನು ಒಬ್ಬೊಬ್ಬ ರೈತನ ಹೊಲದ ಬದಲು ಇಡೀ ಪ್ರದೇಶದ ಇಳುವರಿಯ ಆಧಾರದ ಮೇಲೆ ಕೊಡಬೇಕೆಂದು ದಾಂಡೇಕರ್ 1976ರಲ್ಲಿ ವಾದಿಸಿದರು. 1979ರಲ್ಲಿ ಅದರ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಆಗ ಮೂರು ವರ್ಷ ಸಾಕಾಯಿತು. ಇಂದು ಚಿಕ್ಕೋಡಿಯ ಹೊಲದಲ್ಲಿ ಬೆಳೆ ವಿಮೆಯ ಕಂತು ಕಟ್ಟುವ ಜೈನ ರೈತನ ಹಿಂದೆ ಪುಣೆಯ ಆ ವಿದ್ವಾಂಸರ ಲೇಖನಿ ಇದೆ. ಅವನ ಮಗ ಪುಣೆಯಲ್ಲಿ ಗಳಿಸಿ ಇಟ್ಟ ಠೇವಣಿಯ ಹಿಂದೆ ಅಂತಹ ಲೇಖನಿಯೂ ಇಲ್ಲ, ಆ ಲೇಖನಿಯನ್ನು ಓದುವ ಸರ್ಕಾರವೂ ಇಲ್ಲ.

ನಂಬಿಕೆಗೆ ವಿಮೆಯಿಲ್ಲ

ಸರ್ಕಾರವನ್ನು ದೂರಿ ಸಮಾಜ ಕೈತೊಳೆದುಕೊಳ್ಳುವಂತಿಲ್ಲ. ಪಂಜಾಬ್ ಮತ್ತು ಮಹಾರಾಷ್ಟ್ರ ಬ್ಯಾಂಕಿನಲ್ಲಿ ಮುಂಬಯಿಯ ಅನೇಕ ಸಿಖ್ ಕುಟುಂಬಗಳೂ ಗುರುದ್ವಾರಗಳೂ ಹಣವಿಟ್ಟಿದ್ದವು. ಬ್ಯಾಂಕಿನ ಸಾಲದ ಬಹುಪಾಲು ಒಂದೇ ಗೃಹನಿರ್ಮಾಣ ಸಮೂಹದ ಕೈಸೇರಿತ್ತು. ಬೆಂಗಳೂರಿನಲ್ಲಿ ಗುರು ರಾಘವೇಂದ್ರರ ಹೆಸರು ಹೊತ್ತ ಸಹಕಾರಿ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ತೆಗೆಯಬಹುದಾದ ಹಣ 35,000ಕ್ಕೆ ಸೀಮಿತವಾಯಿತು. ಬೀದಿಗೆ ಬಂದವರಲ್ಲಿ ಹಿರಿಯರೂ ನಿವೃತ್ತರೂ ಬಹಳ ಮಂದಿ. ಒಂದು ಸಮುದಾಯದ ನಂಬಿಕೆ ಮತ್ತೊಂದರ ನಂಬಿಕೆಗಿಂತ ಹೆಚ್ಚು ಸುರಕ್ಷಿತವೆಂದು ಭಾವಿಸಲು ಯಾವ ಆಧಾರವೂ ಇಲ್ಲ. ಅಧ್ಯಕ್ಷನು ಪರ್ಯೂಷಣದಲ್ಲಿ ಉಪವಾಸ ಮಾಡುತ್ತಾನೆಂಬುದು ಅವನ ಸಂಸ್ಥೆಯ ವಸೂಲಾಗದ ಸಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇಲ್ಲಿಯವರೆಗೆ ಹೇಳಿದುದು ಬ್ಯಾಂಕುಗಳ ಮಾತು. ಅದಕ್ಕಿಂತ ಗಂಭೀರವಾದುದು ಪತ್ತಿನ ಸಹಕಾರ ಸಂಘಗಳ ಮಾತು. ಮಹಾರಾಷ್ಟ್ರದ ಪತಸಂಸ್ಥೆ, ಕರ್ನಾಟಕದ ಸೌಹಾರ್ದ ಸಹಕಾರಿ, ಎರಡು ರಾಜ್ಯಗಳಲ್ಲಿ ಶಾಖೆ ತೆರೆದ ಬಹುರಾಜ್ಯ ಪತ್ತಿನ ಸಂಘ, ಈ ಯಾವುವೂ ಬ್ಯಾಂಕುಗಳಲ್ಲ. ಇವುಗಳಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಒಂದು ರೂಪಾಯಿಯಷ್ಟೂ ಇಲ್ಲ. ಕೆಲವು ಸಂಘಗಳು ಹೆಸರಿನಲ್ಲಿ ‘ಬ್ಯಾಂಕು’ ಎಂಬ ಪದ ಸೇರಿಸಿಕೊಳ್ಳುತ್ತಿವೆಯೆಂದೂ ಅದು ಕಾನೂನುಬಾಹಿರವೆಂದೂ ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಎಚ್ಚರಿಸಿತು. ಹಣ ಮುಳುಗಿದ ಮೇಲೆ ಮಹಾರಾಷ್ಟ್ರದಲ್ಲಿ 1999ರ, ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯಿದೆಗಳ ಆಶ್ರಯವುಂಟು. ಆದರೆ ಆಸ್ತಿ ಜಪ್ತಿಮಾಡಿ, ಹರಾಜು ಹಾಕಿ, ಹಂಚುವ ಆ ದಾರಿ ವೃದ್ಧನೊಬ್ಬನ ಆಯುಸ್ಸಿಗಿಂತ ಉದ್ದವಾಗಬಹುದು. ಅರ್ಧ ಶೇಕಡಾ ಹೆಚ್ಚಿನ ಬಡ್ಡಿ 5 ಲಕ್ಷಕ್ಕೆ ವರ್ಷಕ್ಕೆ 2,500 ರೂಪಾಯಿ ತರುತ್ತದೆ. ಅಷ್ಟಕ್ಕಾಗಿ ಇಡೀ 5 ಲಕ್ಷದ ವಿಮೆಯನ್ನು ಬಿಟ್ಟುಕೊಡುವುದು ಯಾವ ವಣಿಕ ಬುದ್ಧಿ?

ಟ್ರಸ್ಟುಗಳ ವಿಷಯದಲ್ಲಂತೂ ಇದು ಬುದ್ಧಿಯ ಪ್ರಶ್ನೆಯಷ್ಟೇ ಅಲ್ಲ, ಕಾನೂನಿನ ಪ್ರಶ್ನೆ. ಧರ್ಮದತ್ತಿ ಸಂಸ್ಥೆಗಳು ತಮ್ಮ ನಿಧಿಯನ್ನು ಎಲ್ಲೆಲ್ಲಿ ಹೂಡಬಹುದೆಂಬುದನ್ನು ಆದಾಯ ತೆರಿಗೆ ಕಾಯಿದೆ (1961) 11ನೆಯ ಕಲಮಿನ 5ನೆಯ ಉಪಕಲಮಿನಲ್ಲಿ ಗೊತ್ತುಪಡಿಸಿತು. ಬ್ಯಾಂಕಿಂಗ್ ನಡೆಸುವ ಸಹಕಾರಿ ಸಂಸ್ಥೆಗಳು ಆ ಪಟ್ಟಿಯಲ್ಲಿವೆ. ಕೇವಲ ಸದಸ್ಯರಿಂದ ಠೇವಣಿ ಪಡೆಯುವ ಪತ್ತಿನ ಸಂಘ ಅದರಲ್ಲಿಲ್ಲ. ವಿಶ್ವಸ್ಥನೊಬ್ಬನು ಸ್ನೇಹಕ್ಕಾಗಿ ಬಸದಿಯ ನಿಧಿಯನ್ನು ಅಲ್ಲಿಟ್ಟರೆ ಅಸಲೂ ಅಪಾಯದಲ್ಲಿ, ತೆರಿಗೆ ವಿನಾಯಿತಿಯೂ ಅಪಾಯದಲ್ಲಿ. ಪ್ರತಿವರ್ಷ ಲೆಕ್ಕಪರಿಶೋಧನೆ ನಡೆಯುತ್ತದೆ, ವರದಿ ಧರ್ಮಾದಾಯ ಆಯುಕ್ತರಿಗೆ ಹೋಗುತ್ತದೆ. ಆದರೆ ಸಮಾಜದ ಎಷ್ಟು ಜನ ಅದನ್ನು ತೆರೆದು ನೋಡಿದ್ದಾರೆ?

‘ಸಿರಿವಂತ ಸಮಾಜ’ ಎಂಬ ಸರಾಸರಿ

ಇಂತಹ ಮಾತೆತ್ತಿದಾಗ ಜೈನ ಸಮಾಜಕ್ಕೆ ಭದ್ರತೆಯ ಚಿಂತೆ ಏಕೆಂಬ ಪ್ರಶ್ನೆ ಹೊರಗಿನಿಂದಲೂ ಒಳಗಿನಿಂದಲೂ ಬರುತ್ತದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಜೈನರ ಪೈಕಿ ಶೇಕಡಾ 70ಕ್ಕಿಂತ ಹೆಚ್ಚು ಜನ ದೇಶದ ಅತ್ಯಂತ ಮೇಲಿನ ಐದನೆಯ ಒಂದು ಪಾಲಿನಲ್ಲಿ ಕಂಡುಬಂದರು. ಆದರೆ ಆ ಸೂಚ್ಯಂಕ ಎಣಿಸುವುದು ಪಕ್ಕಾ ಮನೆ, ಶೌಚಾಲಯ, ಫ್ರಿಜ್ಜು, ಸ್ಕೂಟರು ಮೊದಲಾದವನ್ನು. ಮನೆಯ ಮೇಲಿನ ಸಾಲವೆಷ್ಟು, ಗಳಿಸುವವನು ನಾಳೆ ಇಲ್ಲವಾದರೆ ಎಷ್ಟು ತಿಂಗಳು ಒಲೆ ಉರಿಯುತ್ತದೆ ಎಂಬುದನ್ನು ಅದು ಕೇಳುವುದಿಲ್ಲ. ಇಡೀ ದೇಶದ ಕುಟುಂಬಗಳ ಬಗ್ಗೆ 2017ರಲ್ಲಿ ವರದಿ ಕೊಟ್ಟ ರಿಸರ್ವ್ ಬ್ಯಾಂಕಿನ ಕೌಟುಂಬಿಕ ಹಣಕಾಸು ಸಮಿತಿ, ಸರಾಸರಿ ಮನೆಯ ಸಂಪತ್ತಿನಲ್ಲಿ ಶೇಕಡಾ 84 ನೆಲ, ಮನೆ ಮತ್ತಿತರ ಭೌತಿಕ ಆಸ್ತಿಯೆಂದೂ, ಶೇಕಡಾ 11 ಚಿನ್ನವೆಂದೂ, ಹಣಕಾಸಿನ ರೂಪದಲ್ಲಿರುವುದು ಶೇಕಡಾ 5 ಮಾತ್ರವೆಂದೂ ತಿಳಿಸಿತು. ಕಷ್ಟಕಾಲದಲ್ಲಿ ಕೂಡಲೇ ಕೈಗೆ ಬರಬಲ್ಲುದು ಆ ಐದು ಪಾಲು. ರೂಪೀ ಬ್ಯಾಂಕಿನಲ್ಲಿ ಸಿಕ್ಕಿಬಿದ್ದುದೂ ಅದೇ.

ಸರ್ಕಾರದ ಸಮೀಕ್ಷೆಗಳು ಈ ಸಮಾಜದ ನಿಜಸ್ಥಿತಿಯನ್ನು ತಾವಾಗಿ ಹೇಳಲಾರವು. 2011ರ ಜನಗಣತಿಯಂತೆ ಜೈನರು 44.5 ಲಕ್ಷ, ದೇಶದ ಜನಸಂಖ್ಯೆಯ ಶೇಕಡಾ 0.4. ಅಖಿಲ ಭಾರತ ಸಾಲ ಮತ್ತು ಹೂಡಿಕೆ ಸಮೀಕ್ಷೆ 2019ರಲ್ಲಿ ಭೇಟಿ ಮಾಡಿದುದು ಸುಮಾರು 1.16 ಲಕ್ಷ ಕುಟುಂಬಗಳನ್ನು. ಜನಸಂಖ್ಯೆಯ ಪ್ರಮಾಣದಲ್ಲಿಯೇ ಹಿಡಿದರೆ ಅದರಲ್ಲಿ ಜೈನ ಕುಟುಂಬಗಳು ಐದುನೂರನ್ನೂ ಮುಟ್ಟವು, ಪುಣೆಯವು ಬೆರಳೆಣಿಕೆಯಷ್ಟು. 2014ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸ್ಥಾನ ಕೊಟ್ಟಾಗ ಪುಷ್ಪಮಾಲೆಗಳ ವಿನಿಮಯವಾಯಿತು. ಆ ಸ್ಥಾನದಿಂದ ಯಾವ ಕುಟುಂಬಕ್ಕೆ ಯಾವ ನೆರವು ಬೇಕೆಂದು ತಿಳಿಯುವ ಅಂಕಿ ಅಂಶವನ್ನು ಮಾತ್ರ ಯಾರೂ ಸಂಗ್ರಹಿಸಲಿಲ್ಲ.

ಶ್ರಾವಕನಿಗೆ ಹೇಳಿದ ಪರಿಗ್ರಹ ಪರಿಮಾಣ ವ್ರತ ಆರಂಭವಾಗುವುದೇ ಎಣಿಕೆಯಿಂದ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಎಂದು ತನ್ನಲ್ಲಿರುವುದನ್ನು ಪಟ್ಟಿಮಾಡದವನು ಮಿತಿ ಹಾಕಿಕೊಳ್ಳುವುದಾದರೂ ಹೇಗೆ? 1899ರಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯನ್ನು ಕಟ್ಟಿದ ತಲೆಮಾರು ಶಿಕ್ಷಣವನ್ನು ಮೊದಲ ಕಾರ್ಯವಾಗಿ ಹಿಡಿಯಿತು. ಆ ಸಭೆಯ ಮುಂದಾಳುಗಳಲ್ಲೊಬ್ಬರಾದ ಅಣ್ಣಾಸಾಹೇಬ ಲಠ್ಠೆಯವರು 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಮಂತ್ರಿಗಳಾದರು. ಒಂದು ಪ್ರಾಂತದ ಆಯವ್ಯಯವನ್ನು ನಿಭಾಯಿಸಿದವರನ್ನು ಕೊಟ್ಟ ಸಮಾಜಕ್ಕೆ ತನ್ನ ಮನೆಗಳ ಆಯವ್ಯಯ ತಿಳಿದಿಲ್ಲವೆಂಬುದು ಒಪ್ಪತಕ್ಕ ಸ್ಥಿತಿಯಲ್ಲ.

ಮಾಡಬೇಕಾದುದು

ಸರ್ಕಾರದಿಂದ ಕೇಳಬೇಕಾದುವು ಮೂರು. ಠೇವಣಿ ವಿಮೆಯ ಮಿತಿ ಬೆಲೆ ಸೂಚ್ಯಂಕಕ್ಕೆ ತಳಕು ಹಾಕಿಕೊಂಡು ಕಾಲಕಾಲಕ್ಕೆ ತಾನಾಗಿ ಏರಬೇಕು. ಪತ್ತಿನ ಸಂಘಗಳ ಸಣ್ಣ ಠೇವಣಿಗಳಿಗೆ, ಸಂಘಗಳೇ ಕಂತು ಕಟ್ಟುವ ಖಾತರಿ ನಿಧಿ ಬೇಕು. ಅದು ಸ್ಥಾಪನೆಯಾಗುವವರೆಗೆ ಪ್ರತಿಯೊಂದು ಠೇವಣಿ ಪತ್ರದ ಮೇಲೆ ‘ಈ ಹಣಕ್ಕೆ ವಿಮೆಯಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಸಮಿತಿಯ ಶಿಫಾರಸನ್ನು ಒಪ್ಪಿದುದೋ ತಳ್ಳಿದುದೋ, ಕಾರಣವೇನು ಎಂಬುದನ್ನು ಒಂದು ವರ್ಷದೊಳಗೆ ಸಂಸತ್ತಿಗೆ ತಿಳಿಸಬೇಕು.

ವಿಮೆ ಹೆಚ್ಚಿದರೆ ಠೇವಣಿದಾರರು ಅಜಾಗರೂಕರಾಗುತ್ತಾರೆಂಬ ಆಕ್ಷೇಪವಿದೆ. ತಪಾಸಣೆಯ ಅಧಿಕಾರವುಳ್ಳ ಎರಡು ಇಲಾಖೆಗಳಿಗೂ ಸಕಾಲದಲ್ಲಿ ಕಾಣದ ಸಾಲದ ರೋಗವನ್ನು ಪಾಸ್‌ಬುಕ್ ಹಿಡಿದ ವಿಧವೆ ಕಾಣಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಸಹಕಾರ ಚಳವಳಿಗೆ ಧಕ್ಕೆಯಾಗುತ್ತದೆಂಬ ಇನ್ನೊಂದು ಆಕ್ಷೇಪವೂ ಇದೆ. ಚಳವಳಿಗೆ ಧಕ್ಕೆ ತಂದವರು ಪ್ರಶ್ನೆ ಕೇಳಿದವರಲ್ಲ, ಕೇಳದೆ ಸಾಲ ಹಂಚಿದವರು.

ಸಮಾಜ ತಾನೇ ಮಾಡಬೇಕಾದುದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರತಿಯೊಂದು ಟ್ರಸ್ಟೂ ತನ್ನ ನಿಧಿ ಯಾವ ಬ್ಯಾಂಕಿನಲ್ಲಿ ಎಷ್ಟಿದೆಯೆಂಬ ಪಟ್ಟಿಯನ್ನು ವರ್ಷಕ್ಕೊಮ್ಮೆ ಬಸದಿಯ ಫಲಕದ ಮೇಲೆ ಹಚ್ಚಲಿ. ಪುಣೆಯ ಜೈನ ಸಂಘಟನೆಗಳು ಕೂಡಿ, ಹೆಸರು ಕೇಳದೆ, ಸಾಲ, ವಿಮೆ, ಠೇವಣಿ, ಮುಪ್ಪಿನ ಆದಾಯ ಎಂಬ ನಾಲ್ಕನ್ನು ಮಾತ್ರ ಕೇಳುವ ಕೌಟುಂಬಿಕ ಸಮೀಕ್ಷೆ ನಡೆಸಲಿ. ಮಾದರಿ ಹುಡುಕಲು ಅದೇ ನಗರದ ಗೋಖಲೆ ಸಂಸ್ಥೆಯ ಗ್ರಂಥಾಲಯ ಸಾಕು. ಕುಟುಂಬಗಳೂ ನಿಯಮಗಳನ್ನು ತಿಳಿದಿರಲಿ: 5 ಲಕ್ಷದ ಮಿತಿ ಒಂದು ಬ್ಯಾಂಕಿಗೆ, ಶಾಖೆಗಲ್ಲ, ಅಸಲು ಬಡ್ಡಿ ಎರಡೂ ಅದರೊಳಗೆ, ಬೇರೆ ಬ್ಯಾಂಕಿನಲ್ಲಿಟ್ಟುದಕ್ಕೆ ಬೇರೆ ಮಿತಿ, ಜಂಟಿ ಖಾತೆಗಳಲ್ಲಿ ಹೆಸರುಗಳ ಕ್ರಮ ಬದಲಾದರೆ ಅದೂ ಬೇರೆಯೇ ಎಣಿಕೆ.

ಕೊನೆಯದಾಗಿ ಒಂದು ಲೆಕ್ಕ. ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಯ ವಾರ್ಷಿಕ ಕಂತು 436 ರೂಪಾಯಿ, ಸುರಕ್ಷಾ ವಿಮೆಯದು 20 ರೂಪಾಯಿ. ಒಂದೊಂದರಲ್ಲೂ 2 ಲಕ್ಷದ ರಕ್ಷಣೆ. ನೂರು ಬಡ ಕುಟುಂಬಗಳ ದುಡಿಯುವವರಿಗೆ, ಬಸದಿಯ ಪೂಜೆ ಮಾಡುವವರಿಗೆ, ಅಡುಗೆಯವರಿಗೆ, ಕಾವಲುಗಾರರಿಗೆ ಎರಡನ್ನೂ ಕಟ್ಟಿದರೆ ವರ್ಷಕ್ಕೆ ಆಗುವುದು 45,600 ರೂಪಾಯಿ. ಪಂಚಕಲ್ಯಾಣ ಮಹೋತ್ಸವದಲ್ಲಿ ಒಂದು ಕಲಶದ ಸವಾಲು ಇದನ್ನು ಎಷ್ಟೋ ಸಲ ಮೀರುತ್ತದೆ. ಸವಾಲು ಕೂಗಿದವರ ಹೆಸರನ್ನು ಧ್ವನಿವರ್ಧಕದಲ್ಲಿ ಸಾರುವ ಸಮಾಜ, ಅದೇ ವೇದಿಕೆಯಿಂದ ಈ ವರ್ಷ ಎಷ್ಟು ಮನೆಗಳಿಗೆ ವಿಮೆ ಕಟ್ಟಲಾಯಿತೆಂಬುದನ್ನೂ ಸಾರಲಿ. ಬರುವ ಚಾತುರ್ಮಾಸದ ಆಯವ್ಯಯ ಇನ್ನೂ ಬರೆಯಬೇಕಾಗಿದೆ. ಅದರಲ್ಲಿ ಆ ಒಂದು ಸಾಲಿಗೆ ಸ್ಥಳವಿದೆ.